ಅಳಿಸದೆ ಉಳಿದ ಹಪ್ಪಳ

ಬೆಳಿಗ್ಗೆ ಎದ್ದು ನೋಡಿದರೆ ಹರಟೆಕಟ್ಟೆ ಇರಲಿಲ್ಲ.

ಕಲ್ಲಿನ ಕಟ್ಟೆಯಲ್ಲ, ಮೊಬೈಲಿನದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಸರ್ಕಾರಿ ಪರೀಕ್ಷೆಗಳಿಗೆ ಓದುವವರು ಟೆಲಿಗ್ರಾಂನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಅದರಲ್ಲಿ ಎರಡು ಕೋಣೆ. ಒಂದು ‘ಪಾಠ’, ಇನ್ನೊಂದು ‘ಹರಟೆಕಟ್ಟೆ’. ಓದಿ ತಲೆ ಕೆಟ್ಟವರು ಕಟ್ಟೆಗೆ ಬಂದು ನಗುತ್ತಿದ್ದರು. ವರ್ಷದ ಮಾತೆಲ್ಲ ಈಗ ಗುಡಿಸಿ ಹಾಕಿದಂತೆ ಮಾಯ!

"ಇದು ಬಸವೇಶ್ ಸರ್ ಕೆಲಸವೇ! ಅವರನ್ನು ತೆಗೀರಿ!" ಎಂದು ಎಲ್ಲರೂ ಪಾಠದ ಕೋಣೆಯಲ್ಲೇ ಕೂಗಾಡಿದರು.

ಅನುಮಾನ ಸಹಜವೇ. ನರಸಿಂಹರಾಜಪುರದ ಬಸವೇಶ್ ಬಿಡಿಗಾಸು ಪಡೆಯದೆ ಗಣಿತ ಹೇಳಿಕೊಡುತ್ತಿದ್ದರು. ಆದರೆ ಹರಟೆ ಎಂದರೆ ಮೈಯೆಲ್ಲ ಉರಿ. ಪಾಠದ ಕೋಣೆಯಲ್ಲಿ ಯಾರಾದರೂ "ಕಾಫಿ ಆಯ್ತಾ?" ಎಂದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಅಳಿಸುತ್ತಿದ್ದರು.

ಕೊಪ್ಪದ ಪೊಲೀಸ್ ಕಾನ್‌ಸ್ಟೇಬಲ್ ನಿಶ್ಚಿತಾ ಬಸವೇಶ್‌ಗೆ ಫೋನ್ ಮಾಡಿದಳು.

"ನಾನಲ್ಲಮ್ಮ. ನಿನ್ನೆ ಸಂಜೆಯಿಂದ ಮೆಣಸೆಯಲ್ಲಿ ಗೆಳೆಯನ ಮನೇಲಿದ್ದೆ, ಈಗಷ್ಟೇ ಹೊರಟೆ. ಅಲ್ಲಿ ಸಿಗ್ನಲ್ಲೇ ಸಿಗಲ್ಲ. ಯಾರು ನಂಬ್ತಾರೆ? ಸಾಕು, ಇವತ್ತು ಸಂಜೆ ಗುಂಪು ಬಿಡ್ತೀನಿ."

ನಿಶ್ಚಿತಾ ಗೋಡೆಯ ಕ್ಯಾಲೆಂಡರ್ ನೋಡಿದಳು. ಭಾನುವಾರ ಎಸ್‌ಐ ಪರೀಕ್ಷೆ. ಹೋದ ಸಲ ಅವಳನ್ನು ಮುಳುಗಿಸಿದ್ದೇ ಗಣಿತ. ಸರ್ ಹೋದರೆ ಈ ಸಲವೂ ಗೋವಿಂದ.

"ಸಂಜೆವರೆಗೆ ಟೈಮ್ ಕೊಡಿ ಸರ್."

* * *

ಕಟ್ಟೆ ಅಳಿಸುವ ಅಧಿಕಾರ ಇದ್ದದ್ದು ಮೂವರಿಗೆ. ಬಸವೇಶ್, ನಿಶ್ಚಿತಾ, ಮತ್ತೆ ಶೃಂಗೇರಿ ಹತ್ತಿರದ ಬೇಗಾರಿನ ಸುಮನಾ.

ಸುಮನಾಳೋ ಕಟ್ಟೆಯ ಮಹಾರಾಣಿ. ಹೊಸಬರು ಯಾರೇ ಬರಲಿ, "ಬನ್ನಿ ಬನ್ನಿ, ಕೂತ್ಕೊಳ್ಳಿ" ಎಂದು ಮೊದಲು ಕರೆಯುವವಳು ಅವಳೇ. ಅವಳ ದಿನದ ‘ಅತ್ತೆ ವಾರ್ತೆ’ ಓದದೆ ಯಾರಿಗೂ ನಿದ್ದೆ ಬರುತ್ತಿರಲಿಲ್ಲ. ಟೀವಿಯ ಸುದ್ದಿಗಾರನನ್ನೇ "ಸ್ವಲ್ಪ ಸುಮ್ನಿರಾ ಮಾರಾಯ" ಎಂದು ಗದರಿಸುವ ಅತ್ತೆ! ಅಂಥವಳು ತನ್ನ ಕಟ್ಟೆಯನ್ನು ತಾನೇ ಕೆಡವುತ್ತಾಳೆಯೇ?

ನಿಶ್ಚಿತಾ ಪಾಠದ ಕೋಣೆಯಲ್ಲಿ ಹಿಂದಿನ ಸಂಜೆಯವರೆಗೆ ಬೆರಳಾಡಿಸಿದಳು. ಶೇಕಡಾವಾರು ಲೆಕ್ಕಗಳ ನಡುವೆ ವೀರೇಶ್ ಎಂಬವನು ಒಂದು ಫೋಟೋ ಹಾಕಿದ್ದ. "ನಮ್ಮನೆ ಹಲಸಿನ ಹಪ್ಪಳ. ಯಾರಿಗೆ ಬೇಕು?"

ಅದರ ಕೆಳಗೆ ಒಂದು ಸೂಚನೆ: ‘ಗಿರಿಯಮ್ಮ ಬೇಗಾರ್ ಗುಂಪಿಗೆ ಸೇರಿದ್ದಾರೆ.’ ಅದರ ಕೆಳಗೆ ಬೆಳಗಿನ ಕೂಗಾಟ.

ನಿಶ್ಚಿತಾ ಒಬ್ಬಳೇ ನಕ್ಕಳು. ಅರ್ಧ ದಿನ ರಜೆ ಹಾಕಿ ಶೃಂಗೇರಿ ಬಸ್ಸು ಹತ್ತಿದಳು.

* * *

"ಸುಮನಕ್ಕ, ಗಿರಿಯಮ್ಮ ನಿಮ್ಮ ಅತ್ತೆ ಅಲ್ವಾ?"

ಬೇಗಾರಿನ ಮನೆಯ ಜಗಲಿಯಲ್ಲಿ ಕಾಫಿ ಲೋಟ ಹಿಡಿದಿದ್ದ ಸುಮನಾಳ ಮುಖ ಬಿಳಚಿಕೊಂಡಿತು.

"ಎಂತಕ್ಕೆ ಕೇಳ್ತೀಯ ಮಾರಾಯ್ತಿ?"

"ಬಸವೇಶ್ ಸರ್ ಆನ್‌ಲೈನ್ ಇದ್ದಿದ್ರೆ ಆ ಹಪ್ಪಳ ಉಳೀತಿತ್ತಾ? ಕಟ್ಟೆಯನ್ನೇ ಅಳಿಸುವವರು ಕಣ್ಣೆದುರಿನ ಹಪ್ಪಳ ಬಿಡ್ತಾರಾ? ಅವರಿಗೆ ನಿಜವಾಗ್ಲೂ ಸಿಗ್ನಲ್ ಇರ್ಲಿಲ್ಲ. ಇನ್ನು ನೀವು. ಎಲ್ಲರನ್ನೂ ಬನ್ನಿ ಬನ್ನಿ ಅನ್ನೋರು ನಿಮ್ಮೂರಿನವರನ್ನೇ ಮಾತಾಡ್ಸಲಿಲ್ಲ. ಹೊಸಬರಿಗೂ ಹಳೇ ಮಾತೆಲ್ಲ ಕಾಣತ್ತೆ ಅಂತ ಹೆದರಿದ್ರಿ. ಅಲ್ವಾ?"

"ನಮ್ಮ ಮನೆಯವರೇ ಲಿಂಕ್ ಕೊಟ್ಟಿದ್ದು," ಸುಮನಾ ಕಣ್ಣೊರೆಸಿಕೊಂಡಳು. "ಅತ್ತೆ ಹೆಸರು ಕಂಡಿದ್ದೇ ಎಲ್ಲ ಅಳಿಸಿಬಿಟ್ಟೆ. ಸರ್ ಮೇಲೆ ಅನುಮಾನ ಬಂದಾಗ ಬಾಯಿ ಬಿಡಕ್ಕೆ ಧೈರ್ಯ ಬರಲಿಲ್ಲ. ತಪ್ಪಾಯ್ತು."

"ತಪ್ಪಾಯ್ತು ಅಂದ್ರೆ ಆಯ್ತಾ?"

ಬಾಗಿಲಲ್ಲಿ ಗಿರಿಯಮ್ಮ, ಕೈಯಲ್ಲಿ ಮೊಬೈಲು. ಸುಮನಾ ಲೋಟ ಕೆಳಗಿಟ್ಟು ಎದ್ದು ನಿಂತಳು.

"ನಿನ್ನ ಗಂಡ ಸಂತೋಷ ದಿನಾ ನನ್ನ ವಾರ್ತೆ ಓದಿ ಹೇಳ್ತಿದ್ದ. ಅರ್ಧಕ್ಕೇ ನಗ್ತಾನೆ, ಪೂರ್ತಿ ಹೇಳೋದೇ ಇಲ್ಲ. ನಾನೇ ಓದುವ ಅಂತ ಸೇರಿದ್ರೆ ಎಲ್ಲ ಅಳಿಸಿ ಕೂತಿದೀಯಲ್ಲೇ! ಮೊದ್ಲು ಆ ಮೇಷ್ಟ್ರ ಹತ್ರ ಕ್ಷಮೆ ಕೇಳು. ಆಮೇಲೆ ಕಟ್ಟೆ ಮತ್ತೆ ಕಟ್ಟು."

* * *

ಸಂಜೆಗೆ ಮುಂಚೆ ಸುಮನಾ ಗುಂಪಿನೆದುರು ತಪ್ಪೊಪ್ಪಿಕೊಂಡಳು. ಕೂಗಾಡಿದವರೆಲ್ಲ ಸಾಲಾಗಿ ಕ್ಷಮೆ ಕೇಳಿದರು. ಬಸವೇಶ್ ಉತ್ತರವಾಗಿ ಲಾಭನಷ್ಟದ ಒಂದು ಲೆಕ್ಕ ಕಳಿಸಿದರು. ನಿಶ್ಚಿತಾಗೆ ಹೋದ ಜೀವ ಬಂದಂತಾಯಿತು.

ಹೊಸ ಕಟ್ಟೆಯೂ ಎದ್ದಿತು. ಆದರೆ ಗಿರಿಯಮ್ಮನಿಗೆ ಕೋಣೆ ತಪ್ಪಿತು. ಅವರ ಮೊದಲ ಬರಹ ಬಂದು ಬಿದ್ದದ್ದು ಪಾಠದೊಳಗೇ, ಲಾಭನಷ್ಟದ ಕೆಳಗೆ: "ಸೊಸೆ ವಾರ್ತೆ. ಇವತ್ತು ಗಾಬರಿಯಲ್ಲಿ ಕಾಫಿಗೆ ಸಕ್ಕರೆ ಹಾಕಿಲ್ಲ."

ಇನ್ನೇನು ಅಳಿಸುತ್ತಾರೆ ಎಂದು ಎಲ್ಲರೂ ಕಾದರು. ಬಸವೇಶ್ ಊರಿಗೆ ಮರಳಿದ್ದರು, ಸಿಗ್ನಲ್ ಚೆನ್ನಾಗಿಯೇ ಇತ್ತು. ಆದರೂ ಅವರು ಅದನ್ನು ಅಳಿಸಲಿಲ್ಲ.