ಭಾನುವಾರ ನಿಂತ ಮಗ್ಗಗಳು

ದೇವೇಂದ್ರ ಬಂದ ದಿನದಿಂದಲೇ ನನಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ದೊಡ್ಡಬಳ್ಳಾಪುರದ ನಮ್ಮ ಸೀರೆ ಡಿಸೈನ್ ಸೆಂಟರ್‌ನಲ್ಲಿ ಆರು ವರ್ಷದಿಂದ ಸರ್ವರ್ ನೋಡಿಕೊಳ್ಳುವವಳು ನಾನು. ಓನರ್ ಕರೆಸಿದ್ದ ಇವನು ಹೊಸಕೋಟೆಯಿಂದ ಬೈಕಿನಲ್ಲಿ ಬಂದವನೇ, "ಈ ಸಾಫ್ಟ್‌ವೇರ್ ಓಪನ್ ಸೋರ್ಸ್ ಕಣ್ರೀ, ಫ್ರೀ. ಕ್ಲೌಡಲ್ಲಿರೋ ಸರ್ವೀಸನ್ನೆಲ್ಲಾ ಒಂದೇ ಸ್ಕ್ರೀನಲ್ಲಿ ನೋಡ್ಕೋಬಹುದು" ಅಂದ.

"ಹಂಗಾದ್ರೆ ನಾನ್ಯಾಕೆ ಇಲ್ಲಿ?"

ಅವನು ನಕ್ಕ. ನನ್ನ ಕೆಲಸ ಹೋದಂತೆಯೇ ಅಂದುಕೊಂಡೆ. ನಗು ಚೆನ್ನಾಗಿತ್ತು, ಅದಕ್ಕೇ ಇನ್ನಷ್ಟು ಮೈ ಉರಿಯಿತು.

ಇನ್‌ಸ್ಟಾಲ್ ಮಾಡಿದ. ನನಗೊಂದು ಲಾಗಿನ್ ಕೊಟ್ಟು, ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಒಂದೊಂದೇ ಬಟನ್ ತೋರಿಸಿದ. ನಾನು ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ. ಅವನ ಕಣ್ಣು ಸ್ಕ್ರೀನಿನ ಮೇಲಿರಲಿಲ್ಲ.

"ಅಲ್ಲಿ ನೋಡಿ ಹೇಳ್ಕೊಡಿ."

"ಅದು ನಂಗೆ ಬಾಯಿಪಾಠ, ಅರ್ಪಿತಾ ಅವರೇ."

ಶನಿವಾರ ಅವನ ತಪ್ಪು ಕೈಗೆ ಸಿಕ್ಕಿತು. ಭಾನುವಾರ ರಜೆ ಅಂದುಕೊಂಡು, ಅವತ್ತು ಸರ್ವರ್ ತಾನಾಗಿ ಆಫ್ ಆಗುವಂತೆ ಇಟ್ಟಿದ್ದ. ನಮ್ಮ ಮಗ್ಗಗಳಿಗೆ ರಜೆ ಅಮಾವಾಸ್ಯೆಗೆ. ನೋಡಿಯೂ ನೋಡದವಳ ಹಾಗೆ ಬ್ಯಾಗ್ ಎತ್ತಿಕೊಂಡು ಮನೆಗೆ ಹೋದೆ.

ಭಾನುವಾರ ಸರ್ವರ್‌ನಿಂದ ಡಿಸೈನ್ ಸಿಗದೆ ಮೂವತ್ತು ಮಗ್ಗ ನಿಂತವು. ಮಾರನೇ ದಿನ ನಮ್ಮ ಓನರ್ ಗೋವಿಂದರಾಜು ಕೂಗಾಡಿದರು.

"ಯಾರ್ದಯ್ಯಾ ತಪ್ಪು?"

"ನಂದೇ ಸಾರ್," ಅಂದ ದೇವೇಂದ್ರ.

ನಾಳೆಯಿಂದ ಬರಬೇಡ ಅಂದುಬಿಟ್ಟರು. ನಾನು ಗೆದ್ದಿದ್ದೆ. ಆದರೂ ಅವನ ಬೈಕ್ ಹತ್ತಿರ ಓಡಿದೆ.

"ನಾನು ಶನಿವಾರಾನೇ ನೋಡಿದ್ದೆ."

"ಗೊತ್ತು. ಯಾರು ಯಾವಾಗ ಏನು ಓಪನ್ ಮಾಡಿದ್ರು ಅಂತ ಆ ಸಾಫ್ಟ್‌ವೇರಲ್ಲೇ ಬರುತ್ತೆ."

"ಮತ್ತೆ ಬಾಯಿ ಯಾಕೆ ಬಿಡ್ಲಿಲ್ಲ?"

"ಹೇಳಿದ್ರೆ ನಿಮ್ಮ ಕೆಲಸ ಹೋಗ್ತಿತ್ತು. ಅದನ್ನ ನಡೆಸೋಕೆ ನೀವೇ ಬೇಕು ಅಂತ ಮೊದಲ ದಿನಾನೇ ಸಾರ್‌ಗೆ ಹೇಳಿದ್ದೆ."

"ಅದನ್ನ ನಂಗೆ ಹೇಳೋಕೇನಾಗಿತ್ತು ನಿಮಗೆ?"

"ಹೇಳಿದ್ರೆ ಜಗಳ ನಿಂತ್ಹೋಗ್ತಿತ್ತಲ್ಲ. ನನ್ ಜೊತೆ ನೀವು ಮಾತಾಡ್ತಿದ್ದಿದ್ದೇ ಅದೊಂದಕ್ಕೆ."

ಕಪಾಳಕ್ಕೆ ಬಾರಿಸಬೇಕು ಅನಿಸಿತು. ಬೈಕಿನ ಕೀ ಕಿತ್ತುಕೊಂಡೆ.

"ಒಳಗೆ ಬನ್ನಿ. ನಾನು ನಿಜ ಹೇಳ್ತೀನಿ, ಪಕ್ಕದಲ್ಲಿ ನಿಂತ್ಕೊಳ್ಳಿ."

"ನಿಮ್ಮನ್ನೂ ಕೆಲಸದಿಂದ ತೆಗೆದ್ರೆ?"

"ತೆಗೀಲಿ. ಅಷ್ಟಕ್ಕೇ ಹೆದರೋರು ಪ್ರೀತಿ ಗೀತಿ ಅಂತ ನನ್ ಹತ್ರ ಬರ್ಬೇಡಿ."

"ಪ್ರೀತಿ ಅಂತ ನಾನೆಲ್ಲಿ ಹೇಳ್ದೆ?"

"ಹೇಳಿಲ್ಲ," ಅಂದೆ. ಅಳು ತಡೆಯಲಾಗಲಿಲ್ಲ. "ಅದಕ್ಕೇ ಇಷ್ಟೊಂದು ಕೋಪ."