ಇಪ್ಪತ್ತೆರಡರ ಜೋಡಿ

ಗೋಡೆಯ ಪರದೆಯ ಮೇಲೆ ಮೂವತ್ನಾಲ್ಕು ಎಂಬ ಅಂಕಿ ಮೂಡಿದ್ದೇ ತಡ, ಮಾಸ್ತರರು ತಮ್ಮ ಹಣೆಯ ಪಟ್ಟಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಎದುರಿಗೆ ಕೂತಿದ್ದ ಓಜಸ್ವಿ ತನ್ನ ಪಟ್ಟಿಯನ್ನು ಬಿಚ್ಚಲಿಲ್ಲ. ಇನ್ನೊಂದು ಗಳಿಗೆ ಕಾದರೆ ಅಂಕಿ ಏರೀತೇನೋ ಎಂದು ಪರದೆಯನ್ನೇ ನೋಡುತ್ತಿದ್ದಳು. ಅದು ಏರಲಿಲ್ಲ. ಮೂವತ್ಮೂರಕ್ಕೆ ಇಳಿದು ನಿಂತಿತು.

"ಅರವತ್ತರ ಕೆಳಗ ಬಂದ್ರ ನಾ ತಗೊಳ್ಳಾಕ ಆಗೂದಿಲ್ರಿ," ಎಂದರು ಮಾಸ್ತರರು, ಹುಡುಗಿಯ ತಾಯಿ ಸಿಂಚನಾಳ ಕಡೆ ತಿರುಗಿ. "ನನ್ನ ಸರಾಸರಿ ಬೀಳ್ತೈತಿ. ನಾಳೆ ಯಾರೂ ನನ್ನ ಹತ್ರ ಬರೂದಿಲ್ಲ."

"ಒಂದು ವಾರ ನೋಡ್ರಿ ಸರ್. ಹುಡುಗಿ ಶಾಣ್ಯಾಕಿ ಅದಾಳ."

"ಅಲ್ಲ ಅಂತ ಯಾರು ಅಂದ್ರು? ನಮ್ಮಿಬ್ಬರದು ಕೂಡೂದಿಲ್ಲ, ಅಷ್ಟ."

ಇವರು ಹನ್ನೊಂದನೆಯವರು. ಧಾರವಾಡದ ಸಪ್ತಾಪುರದ ಓಣಿಗಳಲ್ಲಿ ಹೊಸ ಪಠ್ಯದ ಉನ್ನತ ಸಂಖ್ಯಾಶಾಸ್ತ್ರ ಹೇಳಿಕೊಡುವವರು ಇದ್ದದ್ದೇ ಹನ್ನೊಂದು ಮಂದಿ. ಪರೀಕ್ಷೆಗೆ ಇನ್ನು ಏಳು ವಾರ. ಅರ್ಧವಾರ್ಷಿಕದಲ್ಲಿ ಓಜಸ್ವಿಗೆ ಬಂದಿದ್ದು ನೂರಕ್ಕೆ ಹತ್ತೊಂಬತ್ತು. ಕೊನೆಯ ಪರೀಕ್ಷೆಯಲ್ಲಿ ಐವತ್ತು ದಾಟದಿದ್ದರೆ ಪಶುವೈದ್ಯಕೀಯದ ಬಾಗಿಲು ಮುಚ್ಚಿದಂತೆಯೇ. ಐದನೆಯ ವಯಸ್ಸಿನಲ್ಲಿ ಬೀದಿನಾಯಿಯ ಕಾಲಿಗೆ ಅವ್ವನ ಸೀರೆಯ ಅಂಚು ಹರಿದು ಕಟ್ಟಿದ ಹುಡುಗಿ ಅವಳು. ಅಂದಿನಿಂದ ಬೇರೆ ಏನಾಗುತ್ತೇನೆಂದೂ ಹೇಳಿದವಳಲ್ಲ.

ಹಣೆಗೆ ಕಟ್ಟುವ ಆ ಪಟ್ಟಿಯ ಹೆಸರು ಸಮಮಿಡಿತ. ಇಪ್ಪತ್ತು ವರ್ಷಗಳ ಹಿಂದೆ ಇದೇ ಊರಿನ ಡಾ. ವೃಷಭೇಂದ್ರ ಮಸೂತಿ ಅದನ್ನು ಕಂಡುಹಿಡಿದಿದ್ದರು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಸಲೀಸಾಗಿ ತಿಳಿಯುವಾಗ ಇಬ್ಬರ ಮಿದುಳಿನ ಅಲೆಗಳೂ ಒಂದೇ ಲಯದಲ್ಲಿ ಏರಿಳಿಯುತ್ತವೆ. ಪಟ್ಟಿಯೊಳಗಿನ ಎಳೆಗಳು ಆ ಲಯವನ್ನು ಹಿಡಿದು, ಹೊಂದಿಕೆ ಎಷ್ಟೆಂದು ನೂರಕ್ಕೆ ಲೆಕ್ಕ ಹಾಕಿ ಹೇಳುತ್ತವೆ. ಹತ್ತು ನಿಮಿಷದ ಪಾಠ ಸಾಕು. ಟ್ಯೂಷನ್‌ಗೆ ಅಂತ ಮನೆಮನೆ ಅಲೆದು, ಅರ್ಧ ವರ್ಷ ಕಳೆದ ಮೇಲೆ 'ಇವರು ಹೇಳೋದು ತಲೆಗೇ ಹೋಗುವುದಿಲ್ಲ' ಎಂದು ಅಳುವ ಕಾಲ ಮುಗಿಯಿತು ಎಂದು ಊರಿಗೆ ಊರೇ ಹಿಗ್ಗಿತ್ತು. ಹಿಗ್ಗಲು ಕಾರಣವೂ ಇತ್ತು: ಅರವತ್ತು ದಾಟಿದ ಜೋಡಿಗಳಲ್ಲಿ ನೂರಕ್ಕೆ ಎಂಬತ್ತು ಮಕ್ಕಳು ಪಾಸಾಗುತ್ತಿದ್ದರು. ಹಳೆಯ ಮಂದಿ ಮಾತ್ರ ಅದನ್ನು ಕೂಟದ ಪೆಟ್ಟಿಗೆ ಎನ್ನುತ್ತಿದ್ದರು. ಮದುವೆಗೆ ಜಾತಕ ಹಿಡಿದು ಮೂವತ್ತಾರಕ್ಕೆ ಎಷ್ಟು ಕೂಟ ಬಂದವು ಎಂದು ನೋಡುತ್ತಾರಲ್ಲ, ಹಾಗೆ.

ಬಸ್ಸಿನಲ್ಲಿ ಸಿಂಚನಾ ಸೀಟಿನ ತುದಿಯಲ್ಲೇ ಕೂತಳು. ಕೈಚೀಲದ ಜಿಪ್ಪನ್ನು ಎಳೆದಳು, ಮುಚ್ಚಿದಳು, ಮತ್ತೆ ಎಳೆದಳು. ಬೆಳಗಾವಿಗೆ ಹೋಗಿ ನೋಡುವುದೋ? ಪರದೆಯ ಮೇಲೆ ದೂರದ ಮಾಸ್ತರರನ್ನು ಹಿಡಿಯೋಣವೆಂದರೆ ಇಬ್ಬರೂ ಒಂದೇ ಕೋಣೆಯಲ್ಲಿ ಕೂರದೆ ಪಟ್ಟಿ ಕೆಲಸ ಮಾಡುತ್ತಿರಲಿಲ್ಲ. ಮಗಳು ಕಿಟಕಿಯಾಚೆ ನೋಡುತ್ತಿದ್ದಳು. ಸಿಂಚನಾಳಿಗೆ ತಡೆಯಲಾಗಲಿಲ್ಲ.

"ನೀ ಒಂಚೂರು ಮನಸ್ಸಿಟ್ಟು ಕೇಳಬಾರ್ದೇನು? ಪಟ್ಟಿ ಕಟ್ಟಿದಾಗಾದ್ರೂ."

"ಕೇಳಿದ್ನಿ ಅವ್ವ. ಅವ್ರು ಹೇಳಿದ್ದು ತಿಳೀತು. ಆದ್ರ ಯಾಕ ಹಂಗ ಅಂತ ತಿಳೀಲಿಲ್ಲ. ನಾ ಅದನ್ನ ಯೋಚನೆ ಮಾಡ್ಕೋತ ಕುಂತೆ, ಅಷ್ಟೊತ್ತಿಗೆ ಅವ್ರು ಮುಂದ ಹೋಗಿದ್ರು."

ಸಿಂಚನಾ ಬೀಜದ ಅಂಗಡಿಯೊಂದರಲ್ಲಿ ಗಲ್ಲಾ ಮತ್ತು ಗಿರಾಕಿ ಎರಡನ್ನೂ ನೋಡುವವಳು. ಗಂಡ, ಓಜಸ್ವಿ ನಾಲ್ಕು ವರ್ಷದವಳಿದ್ದಾಗ, ಇನ್ನು ನನ್ನಿಂದಾಗದು ಎಂದು ಹೋದವನು ತಿರುಗಿ ಬಂದಿರಲಿಲ್ಲ. ಹನ್ನೊಂದನೆಯ ಮಾಸ್ತರರನ್ನು ನೋಡಿ ಬಂದ ಮರುದಿನ ಅವಳು ಮೆಂತ್ಯದ ಬೀಜ ಕೇಳಿದವರಿಗೆ ಕೊತ್ತಂಬರಿ ಕೊಟ್ಟಳು.

"ಯಾಕವ್ವ, ಚಿತ್ತ ಎಲ್ಲೈತಿ?" ಎಂದರು ಗಿರಾಕಿ. ಅವರು ದಾಕ್ಷಾಯಣಿ ಕುಬಸದ, ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಎಪ್ಪತ್ತು ದಾಟಿದರೂ ನಡಿಗೆಯಲ್ಲಿ ಅವಸರ ಕಡಿಮೆಯಾಗಿರಲಿಲ್ಲ. ಸಿಂಚನಾ ಎಲ್ಲವನ್ನೂ ಹೇಳಿಕೊಂಡಳು. ಮುದುಕಿ ಪೊಟ್ಟಣ ಬದಲಾಯಿಸಿಕೊಂಡು, "ಸಂಖ್ಯಾಶಾಸ್ತ್ರ ಅಂದ್ರ ನನ್ನ ಕೆಲಸನ ಅದಾಗಿತ್ತು. ಹುಡುಗೀನ ಕಳಸು, ನಾ ಹೇಳ್ತೀನಿ," ಎಂದರು.

ಸಿಂಚನಾಳಿಗೆ ಅಂಕಿ ನೋಡದೆ ಸಮಾಧಾನವಾಗುವುದುಂಟೇ? ಝೆರಾಕ್ಸ್ ಅಂಗಡಿಗಳಲ್ಲೂ ಆ ಪಟ್ಟಿಗಳು ಬಾಡಿಗೆಗೆ ಸಿಗುತ್ತಿದ್ದವು. ಇಬ್ಬರನ್ನೂ ಕರೆದೊಯ್ದು ಕಟ್ಟಿಸಿದಳು. ಹತ್ತು ನಿಮಿಷದ ಮೇಲೆ ಬಂದದ್ದು ಇಪ್ಪತ್ತೆರಡು. ಅಂಗಡಿಯವನೇ ಪರದೆಯನ್ನು ಒಮ್ಮೆ ತಟ್ಟಿ ನೋಡಿದ. ದಾಕ್ಷಾಯಣಿ ಅಕ್ಕೋರು ನಕ್ಕು, "ನಾಳೆ ನಾಕಕ್ಕ ಬಾರವಾ," ಎಂದು ಹುಡುಗಿಗೆ ಹೇಳಿ ಹೊರಟೇಬಿಟ್ಟರು.

ಬೇರೆ ದಾರಿ ಇರಲಿಲ್ಲ. ಆ ಪಾಠವನ್ನು ಪಾಠವೆಂದು ಕರೆಯಲು ಸಿಂಚನಾಳಿಗೆ ಮನಸ್ಸೂ ಬರಲಿಲ್ಲ. ಮೊದಲ ದಿನ ಅಕ್ಕೋರು ಒಂದು ಚೀಲ ಹೆಸರುಕಾಳು ತೋರಿಸಿ, ಇದರಲ್ಲಿ ಹುಳುಕು ಎಷ್ಟು ಹೇಳು ಎಂದರು. ಓಜಸ್ವಿ ಚೀಲದ ಬಾಯಿಂದ ನೂರು ಕಾಳು ತೆಗೆದು ಎಣಿಸಿ, ನೂರಕ್ಕೆ ಎರಡು ಎಂದಳು. ಅಕ್ಕೋರು ಚೀಲವನ್ನು ಪಡಸಾಲೆಯಲ್ಲಿ ಬೋರಲು ಹಾಕಿದರು. ಅಡಿಯಲ್ಲಿದ್ದದ್ದು ಬರೀ ಹುಳುಕು, ನುಚ್ಚು.

"ಎಲ್ಲಿಂದ ತಗೊಂಡಿದ್ದಿ?"

"ಮ್ಯಾಲಿಂದ."

"ಮ್ಯಾಲ ಚಲೋವು ಅಷ್ಟ ಯಾಕ ಇದ್ವು?"

ಓಜಸ್ವಿ ಚೆಲ್ಲಿದ ಕಾಳನ್ನೇ ಕೆದಕಿ ನೋಡಿದಳು. ಉತ್ತರವನ್ನು ಅಕ್ಕೋರು ಹೇಳಿಕೊಡಲಿಲ್ಲ. ಹುಡುಗಿ ಮುಖ ಕೆಂಪಗೆ ಮಾಡಿಕೊಂಡು ಮನೆಗೆ ಬಂದಳು. ಮರುದಿನ ಹೋಗಿ ವಾದ ಹಾಕಿದಳು. ಅದರ ಮರುದಿನವೂ ಹಾಕಿದಳು. ಅಂಗಡಿ ಮುಗಿಸಿ ಮಗಳನ್ನು ಕರೆಯಲು ಹೋದಾಗಲೆಲ್ಲ ಸಿಂಚನಾಳಿಗೆ ಹೊಸ್ತಿಲಲ್ಲೇ ಜಗಳ ಕೇಳುತ್ತಿತ್ತು. ಒಳಗೆ ಕೂತು ಕಾಯಲು ಅವಳಿಂದಾಗುತ್ತಿರಲಿಲ್ಲ. ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಳು, ಬೆಳಗಾವಿಯ ಮಾಸ್ತರರೊಬ್ಬರ ಸಂಖ್ಯೆ ಹುಡುಕುತ್ತಿದ್ದಳು, ಕರೆ ಮಾಡದೆ ಬಿಡುತ್ತಿದ್ದಳು. ಮೂರು ವಾರದ ಮೇಲೆ ಅವರಿಬ್ಬರನ್ನು ಮತ್ತೆ ಝೆರಾಕ್ಸ್ ಅಂಗಡಿಗೆ ಎಳೆದೊಯ್ದಳು. ಇಪ್ಪತ್ನಾಲ್ಕು.

"ಇದು ಹುಚ್ಚಾಟ," ಎಂದಳು ಅಂದು ಊಟಕ್ಕೆ ಕೂತಾಗ. "ನನಗ ಹೆದರಿಕಿ ಆಗ್ತೈತಿ, ಓಜು. ನಿನ್ನ ಬಾಳು ಹಾಳು ಮಾಡಾಕತ್ತೀನೇನೋ ಅನಸ್ತೈತಿ."

ಓಜಸ್ವಿ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಯೋಚಿಸುತ್ತಿದ್ದಳು. "ಅವ್ವ, ಅರವತ್ತು ದಾಟಿದವ್ರು ನೂರಕ್ಕ ಎಂಬತ್ತು ಮಂದಿ ಪಾಸಾಗ್ತಾರಂತ. ಖರೆ. ದಾಟಲಾರದವ್ರು ಎಷ್ಟು ಮಂದಿ ಪಾಸಾಗ್ತಾರ?"

"ಅವ್ರು ಹೆಂಗ ಪಾಸಾಗ್ತಾರ? ಅವ್ರನ್ನ ಯಾರೂ ತಗೊಳ್ಳೂದ ಇಲ್ಲಲ್ಲ."

ಹೇಳಿದ್ದು ತಾನೇ ಆದರೂ, ಆ ಮಾತು ಕಿವಿಗೆ ಬಿದ್ದಾಗ ಸಿಂಚನಾ ಸಾರಿನ ಸೌಟನ್ನು ಕೆಳಗಿಟ್ಟಳು.

ಡಾ. ಮಸೂತಿ ಶನಿವಾರ ಬೆಳಿಗ್ಗೆ ತಮ್ಮ ಸಂಸ್ಥೆಯಲ್ಲಿ ಯಾರು ಬಂದರೂ ಮಾತನಾಡುತ್ತಿದ್ದರು. ದೊಡ್ಡ ಹೆಸರಿನ ಮನುಷ್ಯ, ಆದರೆ ಬಂದವರಿಗೆ ತಾವೇ ಕುರ್ಚಿ ಎಳೆದು ಕೊಡುವವರು. ತಾಯಿ ಮಗಳು ಹೋದಾಗ ಚಹಾ ತರಿಸಿದರು. ಓಜಸ್ವಿ ಚಹಾ ಮುಟ್ಟದೆ ತನ್ನ ಪ್ರಶ್ನೆ ಕೇಳಿದಳು.

"ಅರವತ್ತು ಅನ್ನೂ ಗೆರಿ ಎಲ್ಲಿಂದ ಬಂತ್ರಿ ಸರ್?"

"ಮೊದಲ್ನೇ ಪ್ರಯೋಗದಾಗ ಎರಡು ಸಾವಿರ ಜೋಡಿ ಇದ್ವು. ಹೆಚ್ಚು ಅಂಕಿ ಬಂದ ಜೋಡಿ ಚಲೋ ಕಲಿತ್ವು. ಎಪ್ಪತ್ತಕ್ಕಿಂತ ಎಂಬತ್ತು ಚಲೋ, ಎಂಬತ್ತಕ್ಕಿಂತ ತೊಂಬತ್ತು."

"ನಲವತ್ತು ಬಂದವ್ರು? ಇಪ್ಪತ್ತು ಬಂದವ್ರು?"

ಮಸೂತಿಯವರು ಕನ್ನಡಕ ತೆಗೆದರು. "ಅವ್ರನ್ನ ಮೊದಲ್ನೇ ದಿನಾನ ಬ್ಯಾರೆ ಮಾಸ್ತರ್ ಹತ್ರ ಕಳಸಿದ್ವಿ. ಮಕ್ಕಳ ವರ್ಷ ಅದು. ಕೂಡೂದಿಲ್ಲ ಅಂತ ಗೊತ್ತಿದ್ದೂ ಕೂಡಸಿ, ಅವ್ರ ವ್ಯಾಳ್ಯಾ ಹಾಳು ಮಾಡೂದು ನನಗ ಸರಿ ಅನಸಲಿಲ್ಲ."

"ಕೂಡೂದಿಲ್ಲ ಅಂತ ಹೆಂಗ ಗೊತ್ತಿತ್ರಿ?"

ಪ್ರಶ್ನೆಯಲ್ಲಿ ಧಿಮಾಕು ಇರಲಿಲ್ಲ. ತಿಳಿಯುವ ಹಸಿವಷ್ಟೇ ಇತ್ತು. ವಿಜ್ಞಾನಿ ಎದ್ದು ಹೋಗಿ ಕಿಟಕಿಯ ಬಳಿ ನಿಂತರು, ಮತ್ತೆ ಬಂದು ಕೂತರು. ದಯೆಯಿಂದ ಮಾಡಿದ ಕೆಲಸವದು, ಆದ್ದರಿಂದಲೇ ಇಪ್ಪತ್ತು ವರ್ಷ ಯಾರಿಗೂ ಅನುಮಾನ ಬಂದಿರಲಿಲ್ಲ. ಚೀಲದ ಬಾಯಿಯಲ್ಲಿದ್ದ ಕಾಳನ್ನಷ್ಟೇ ಎಣಿಸಿದ್ದರು.

"ಗೊತ್ತಿರಲಿಲ್ಲ ನೋಡವಾ," ಎಂದರು ಕೊನೆಗೆ. "ಅವರ ಲೆಕ್ಕ ನನ್ನ ಹತ್ರ ಇಲ್ಲ. ಒಂದು ಜೋಡೀದೂ ಇಲ್ಲ. ಸಲೀಸಾಗಿ ತಿಳಿಯೂದನ್ನ ಪಟ್ಟಿ ಅಳೀತೈತಿ, ಅದು ಖರೆ. ಆದ್ರ ತಿಣುಕಿ ಕಲಿಯೂದೂ ಕಲಿಯೂದ ಹೌದೋ ಅಲ್ಲೋ, ಅದನ್ನ ನಾ ನೋಡಲೇ ಇಲ್ಲ."

ಪರೀಕ್ಷೆಯ ಫಲಿತಾಂಶ ಏಪ್ರಿಲ್‌ನಲ್ಲಿ ಬಂತು. ಓಜಸ್ವಿಗೆ ಐವತ್ತೆಂಟು. ಸಿಂಚನಾ ಅಂಗಡಿಯಲ್ಲೇ ಅತ್ತಳು, ಗಿರಾಕಿಗಳೆದುರಿಗೇ. ಸಿಹಿ ಹಂಚಿದಳು. ಇಪ್ಪತ್ತೆರಡರ ಜೋಡಿ ಪಾಸಾಯಿತೆಂದು, ಪಟ್ಟಿ ಬರೀ ಬೊಗಳೆ ಎಂದು ಬಂದವರಿಗೆಲ್ಲ ಹೇಳಿದಳು.

"ಹಂಗ ಅನಬ್ಯಾಡ ಅವ್ವ," ಎಂದಳು ಮಗಳು. "ಒಂದು ಕಾಳು ನೋಡಿ ಇಡೀ ಚೀಲದ ಮಾತು ಹೇಳಾಕ ಬರೂದಿಲ್ಲ. ಪಟ್ಟಿ ಸರಿ ಇದ್ರೂ ಇರಬಹುದು. ನೋಡಬೇಕು."

ನೋಡುವ ಕೆಲಸವನ್ನು ಮಸೂತಿಯವರು ಆಗಲೇ ಶುರು ಮಾಡಿದ್ದರು. ತಮ್ಮ ತಪ್ಪನ್ನು ಪತ್ರಿಕೆಗಳಲ್ಲಿ ತಾವೇ ಬರೆದರು. ಅರವತ್ತರ ಕೆಳಗಿನ ನಾನೂರು ಜೋಡಿ ಬೇಕು, ಒಂದು ವರ್ಷ ಕೂತು ಕಲಿಯಬೇಕು, ಆಮೇಲೆ ಎಣಿಸೋಣ ಎಂದು ಪ್ರಕಟಣೆ ಕೊಟ್ಟರು. ಊರು ಅವರನ್ನು ಮೆಚ್ಚಿತು, ಪ್ರಾಮಾಣಿಕ ಮನುಷ್ಯ ಎಂದು ಹೊಗಳಿತು. ಎರಡು ತಿಂಗಳಾದರೂ ಬಂದ ಅರ್ಜಿಗಳು ಏಳು.

ಸಿಂಚನಾ ಅರ್ಜಿಯ ಕಟ್ಟೊಂದನ್ನು ಗಲ್ಲಾದ ಪಕ್ಕ ಇಟ್ಟುಕೊಂಡಳು. ಬೆಂಡೆಬೀಜ ಕೊಳ್ಳಲು ಬಂದ ಹೆಣ್ಣುಮಗಳೊಬ್ಬಳ ಮಗನಿಗೆ ಒಂಬತ್ತು ಕಡೆ ತಿರುಗಿದರೂ ನಲವತ್ತು ದಾಟಿರಲಿಲ್ಲ. ಸಿಂಚನಾ ಅರ್ಜಿ ಮುಂದಕ್ಕೆ ಚಾಚಿದಳು.

"ನಿಮ್ಮ ಮಗಳು ಪಾಸಾದ್ಳು, ನೀವು ಹೇಳ್ತೀರಿ," ಎಂದಳು ಆಕೆ ಮೆತ್ತಗೆ. "ನಮ್ಮ ಹುಡುಗ ಆಗದಿದ್ರ? ಎಣಿಸಬೇಕು ಖರೆ. ಆದ್ರ ನನ್ನ ಮಗನ್ನ ಬಿಟ್ಟು ಬ್ಯಾರೆ ಯಾರನ್ನರ ಎಣಿಸ್ರಿ."

ಸಿಂಚನಾ ಬೆಂಡೆಬೀಜ ತೂಗಿ ಪೊಟ್ಟಣ ಕಟ್ಟಿದಳು. ತನಗೂ ಹನ್ನೆರಡನೆಯ ಮಾಸ್ತರರು ಇದ್ದಿದ್ದರೆ, ಅವರಲ್ಲಿ ಅರವತ್ತೊಂದು ಬಂದಿದ್ದರೆ, ಅಕ್ಕೋರ ಮನೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಆಕೆ ಬೀಜ ತೆಗೆದುಕೊಂಡು ಹೋದಳು. ಅರ್ಜಿ ಅಲ್ಲೇ ಉಳಿಯಿತು.

ಅದನ್ನು ಕಟ್ಟಿಗೆ ಸೇರಿಸುವಾಗ, ಯಾಕೋ, ಎರಡು ದಶಕದ ಹಿಂದಿನ ಒಂದು ಸಂಜೆ ಅವಳ ಕಣ್ಣ ಮುಂದೆ ಬಂತು. ನವಲಗುಂದದ ಒಬ್ಬ ಹುಡುಗ, ಪ್ರಸನ್ನ ಅಂತ. ಅವಳನ್ನು ನೋಡಲು ಬಂದವನು ಉಪ್ಪಿಟ್ಟು ತಿನ್ನುತ್ತ, ನೀವು ಯಾವ ಪುಸ್ತಕ ಓದುತ್ತಿದ್ದೀರಿ ಎಂದು ಕೇಳಿದ್ದ. ಅವಳಿಗೆ ಅವನು ಹಿಡಿಸಿದ್ದ. ಅಪ್ಪ ಫೋನಿನಲ್ಲಿ ಜಾತಕ ಹಾಕಿ ನೋಡಿ, ಹದಿಮೂರೇ ಕೂಟ ಬಂದಾವ, ಬ್ಯಾಡ ಎಂದಿದ್ದರು. ಅವಳ ಒಳ್ಳೆಯದಕ್ಕೇ ಹೇಳಿದ್ದರು. ಮುಂದಿನ ತಿಂಗಳು ಮೂವತ್ತೊಂದು ಕೂಟದ ಸಂಬಂಧ ಕೂಡಿಬಂದಿತ್ತು, ಮನೆಯವರೆಲ್ಲ ಹಿಗ್ಗಿದ್ದರು. ಆ ಮೂವತ್ತೊಂದು ಏನಾಯಿತೆಂಬುದು ಅವಳಿಗೆ ಗೊತ್ತಿತ್ತು.

ಹದಿಮೂರು ಏನಾಗುತ್ತಿತ್ತೆಂದು ಯಾರಿಗೂ ಗೊತ್ತಿಲ್ಲ. ಒಂದು ಕಾಳು ನೋಡಿ ಚೀಲದ ಮಾತು ಹೇಳಬಾರದು ಎಂದು ಮಗಳು ಹೇಳಿಕೊಟ್ಟಿದ್ದಾಳೆ, ಸರಿ. ಆದರೆ ಅಂದು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಎದ್ದು ಹೋದವನನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಸಿಂಚನಾ ಮೇಲಿನ ಅರ್ಜಿಯನ್ನು ಮತ್ತೆ ಕೈಗೆತ್ತಿಕೊಂಡು, ಬಾಗಿಲಾಚೆ ಬಸ್ಸಿಗೆ ಕಾಯುತ್ತ ನಿಂತಿದ್ದ ಆ ಹೆಣ್ಣುಮಗಳ ಬಳಿ ಇನ್ನೊಮ್ಮೆ ಮಾತನಾಡಲು ಹೊರಗೆ ನಡೆದಳು.