ದಿನಾ ಖಾಲಿಯಾಗುತ್ತಿದ್ದ ಡಬ್ಬಿ

ಬಾಯಿಗಿಟ್ಟ ಮೊದಲ ತುತ್ತನ್ನು ನುಂಗಲೂ ಆಗದೆ, ಉಗುಳಲೂ ಆಗದೆ ವಟವಟ ಎಂಬ ಹುಡುಗಿ ಹಾಗೇ ಕೂತುಬಿಟ್ಟಳು.

ಉಪ್ಪು! ಅಬ್ಬಬ್ಬಾ, ಎಂಥ ಉಪ್ಪು! ಕಣ್ಣಲ್ಲಿ ನೀರೇ ಬಂತು. ಅನ್ನ ಒಂದು ಕಡೆ ಮುದ್ದೆಯಾಗಿತ್ತು, ಇನ್ನೊಂದು ಕಡೆ ಬೆಂದೇ ಇರಲಿಲ್ಲ. ಕ್ಯಾರೆಟ್ ತುಂಡು ಹಲ್ಲಿಗೆ ಕಲ್ಲಿನಂತೆ ಸಿಕ್ಕಿತು. ತಳ ಹಿಡಿದ ವಾಸನೆ ಬೇರೆ.

ಇದು ಅಪ್ಪ ಮಾಡಿದ್ದಾ? ಅವಳು ಡಬ್ಬಿಯನ್ನು ತಿರುಗಿಸಿ ನೋಡಿದಳು. ಅನುಮಾನವೇ ಇಲ್ಲ, ಅವಳದೇ ಡಬ್ಬಿ. ದಿನಾ ಖಾಲಿಯಾಗಿ ಮನೆಗೆ ಹೋಗುವ ಡಬ್ಬಿ.

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಬಾಯಿಗೆ ಬಿಡುವೇ ಇಲ್ಲದ ಹುಡುಗಿ ಎಂದು ಇಡೀ ಕ್ಲಾಸು ಅವಳನ್ನು ವಟವಟ ಎನ್ನುತ್ತಿತ್ತು. ಅವಳಿಗೆ ಇಬ್ಬರು ಜೀವದ ಫ್ರೆಂಡ್ಸು. ಕ್ಲಾಸಿಗೆಲ್ಲ ಎತ್ತರದ ಹುಡುಗಿ ಉದ್ದಕ್ಕ. ಊಟದಲ್ಲಿ ಬಟಾಣಿ, ಮೆಣಸು, ಈರುಳ್ಳಿ ಎಲ್ಲವನ್ನೂ ಒಂದೊಂದಾಗಿ ಆರಿಸಿ ಪಕ್ಕಕ್ಕಿಡುವ ಹುಡುಗ ಆರಿಸಪ್ಪ.

ಮೂವರದೂ ಒಂದೇ ನಿಯಮ. ಯಾರೂ ತಮ್ಮ ಡಬ್ಬಿ ತಾವು ತಿನ್ನುವಂತಿಲ್ಲ, ಬದಲಾಯಿಸಿಕೊಂಡೇ ತಿನ್ನಬೇಕು. ಹಾಗಾಗಿ ಅಪ್ಪ ಅಡುಗೆ ಶುರುಮಾಡಿ ಎರಡು ತಿಂಗಳಾದರೂ ಅದರ ರುಚಿ ವಟವಟಳಿಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ಬೆಳಿಗ್ಗೆ ಬ್ರೆಡ್ಡು, ಹಾಲು. ರಾತ್ರಿ ಬೀದಿ ಕೊನೆಯ ಹೋಟೆಲಿನ ಊಟ. ಅಪ್ಪ ಅಡುಗೆ ಮಾಡುತ್ತಿದ್ದುದು ಅವಳ ಡಬ್ಬಿಗೆ ಮಾತ್ರ. ಅದರಲ್ಲಿ ಒಂದು ಚಮಚವನ್ನೂ ತಾನು ಬಾಯಿಗಿಡುತ್ತಿರಲಿಲ್ಲ. "ಆಮೇಲೆ ನಿನಗೇ ಸಾಲದೆ ಹೋದ್ರೆ?" ಎನ್ನುತ್ತಿದ್ದ.

ಪ್ರಿಂಟಿಂಗ್ ಪ್ರೆಸ್ಸಿಗೆ ಏಳಕ್ಕೆ ಹೊರಡುವ ಅಪ್ಪ ಐದಕ್ಕೇ ಎದ್ದು ತರಕಾರಿ ಹೆಚ್ಚಲು ಕೂರುತ್ತಿದ್ದ. ಅಮ್ಮ ತೀರಿಕೊಂಡ ಮೇಲೆ ಅವನು ನಗುವುದನ್ನೇ ಬಿಟ್ಟಿದ್ದ. ಸಂಜೆ ಬಂದು ಅವಳ ಡಬ್ಬಿ ತೆರೆದು ನೋಡಿದಾಗ ಮಾತ್ರ ಮುಖ ಅರಳುತ್ತಿತ್ತು.

"ಪೂರ್ತಿ ಖಾಲಿನಾ ಮಗಳೇ?"

"ಒಂದಗುಳೂ ಉಳಿದಿಲ್ಲ ಅಪ್ಪಾ!"

ಯಾರು ತಿಂದರು ಎಂದು ಅವನು ಕೇಳುತ್ತಿರಲಿಲ್ಲ. ಅವಳೂ ಹೇಳುತ್ತಿರಲಿಲ್ಲ.

ಇವತ್ತು ಉದ್ದಕ್ಕ ಓಟದ ಸ್ಪರ್ಧೆಗೆಂದು ಬೇರೆ ಶಾಲೆಗೆ ಹೋಗಿದ್ದಳು. ಆರಿಸಪ್ಪ ಕಣ್ಣಿನ ಪರೀಕ್ಷೆಯ ಸಾಲಿನಲ್ಲಿ ನಿಂತಿದ್ದ, ಡಬ್ಬಿಯಿದ್ದ ಬ್ಯಾಗನ್ನೂ ಹೊತ್ತುಕೊಂಡೇ ಹೋಗಿದ್ದ. ವಟವಟಳ ಹೊಟ್ಟೆ ತಾಳ ಹಾಕುತ್ತಿತ್ತು. ಒಂದೇ ಒಂದು ತುತ್ತು ಎಂದು ತನ್ನ ಡಬ್ಬಿ ತೆರೆದಿದ್ದಳು.

"ಏಯ್! ಅದು ಇವತ್ತು ನಂದು ಕಣೇ!" ಆರಿಸಪ್ಪ ಏದುಸಿರು ಬಿಡುತ್ತಾ ಓಡಿಬಂದು ಡಬ್ಬಿಗೆ ಕೈಹಾಕಿದ. ಅವಳು ಬಿಡಲಿಲ್ಲ.

"ದಿನಾ ಹೀಗೇ ಇರುತ್ತಾ?"

"ಹೇಗೆ?"

"ಉಪ್ಪುಪ್ಪು. ಸೀದಿರೋದು."

"ಇಲ್ವಲ್ಲ. ಚೆನ್ನಾಗೇ ಇರುತ್ತೆ."

"ಸುಳ್ಳು ಹೇಳ್ಬೇಡ."

ಆರಿಸಪ್ಪ ನೆಲ ನೋಡಿದ. "ನೀರು ಜಾಸ್ತಿ ಕುಡಿದ್ರೆ ಅಷ್ಟೊಂದು ಗೊತ್ತಾಗಲ್ಲ. ಉದ್ದಕ್ಕ ಮೂಗು ಮುಚ್ಕೊಂಡು ತಿಂತಾಳೆ, ನೀನು ಆ ಕಡೆ ತಿರುಗಿದಾಗ."

"ಮತ್ತೆ ಪೂರ್ತಿ ಯಾಕೋ ತಿಂತಿದ್ರಿ? ಒಂದು ಬಟಾಣಿ ಕಂಡ್ರೆ ಮುಖ ಸಿಂಡರಿಸೋನು ನೀನು!"

"ನೀನೇ ಹೇಳಿದ್ಯಲ್ಲ," ಅವನು ಮೆಲ್ಲಗೆ ಅಂದ. "ಡಬ್ಬಿ ಖಾಲಿ ಇದ್ರೆ ಮಾತ್ರ ಅಪ್ಪ ನಗ್ತಾರೆ ಅಂತ."

ಹೇಳಿದ್ದಳು. ಯಾವತ್ತೋ, ನೂರೆಂಟು ಮಾತಿನ ನಡುವೆ. ಅವಳಿಗೆ ಅದು ಮರೆತೇ ಹೋಗಿತ್ತು, ಅವರಿಬ್ಬರಿಗೆ ನೆನಪಿತ್ತು.

ನಿನ್ನೆ ತಾನೇ ಅವನ ಡಬ್ಬಿ ತಿನ್ನುತ್ತಾ, "ನಿಮ್ಮಮ್ಮಂಗೆ ಉಪ್ಪು ಹಾಕೋಕೇ ಬರಲ್ಲ ಕಣೋ, ನಮ್ಮಪ್ಪನ ಹತ್ರ ಕಲೀಲಿ" ಎಂದು ಬೇರೆ ಆಡಿಕೊಂಡಿದ್ದಳು. ಅವನು ಎದುರಿಗೆ ಕೂತು ಇಂಥದೇ ಅನ್ನ ಅಗಿಯುತ್ತಿದ್ದ. ಒಂದು ಮಾತೂ ತಿರುಗಿ ಆಡಿರಲಿಲ್ಲ. ವಟವಟಳಿಗೆ ನಾಚಿಕೆಯಿಂದ ಭೂಮಿಗೆ ಇಳಿದು ಹೋದ ಹಾಗಾಯಿತು.

ಇಬ್ಬರೂ ಆರಿಸಪ್ಪನ ಡಬ್ಬಿಯನ್ನೇ ಹಂಚಿಕೊಂಡು ತಿಂದರು.

ಶಾಲೆ ಬಿಟ್ಟಾಗ ಗೇಟಿನ ಪಕ್ಕದ ಕಸದ ತೊಟ್ಟಿಯ ಮುಂದೆ ಅವಳು ನಿಂತಳು. ಡಬ್ಬಿ ಇನ್ನೂ ಭಾರವಾಗಿತ್ತು. ಚೆಲ್ಲಿಬಿಟ್ಟರೆ ಅಪ್ಪ ಇವತ್ತೂ ನಗುತ್ತಾನೆ. ಆದರೆ ನಾಳೆ? ನಾಳೆ ಅವರಿಬ್ಬರೂ ಮತ್ತೆ ನೀರು ಕುಡಿದು ಕುಡಿದು ನುಂಗಬೇಕು. ಚೆಲ್ಲದಿದ್ದರೆ ಅಪ್ಪನ ಮುಖ ಏನಾಗುತ್ತೋ. ಬಹಳ ಹೊತ್ತು ನಿಂತಿದ್ದು, ಕೊನೆಗೆ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ನಡೆದಳು.

ಸಂಜೆ ಅಪ್ಪ ಡಬ್ಬಿ ತೆರೆದ. ಮುಖ ಬಾಡಿಹೋಯಿತು.

"ಯಾಕೆ ಮಗಳೇ? ಹುಷಾರಿಲ್ವಾ?"

"ಒಂದು ತುತ್ತು ತಿಂದು ನೋಡಪ್ಪಾ."

ಅಪ್ಪ ಬಾಯಿಗಿಟ್ಟ. ಎರಡು ಸಲ ಅಗಿದು ನಿಲ್ಲಿಸಿದ. ಕಷ್ಟಪಟ್ಟು ನುಂಗಿ, ಒಂದು ಲೋಟ ನೀರು ಗಟಗಟ ಕುಡಿದ.

"ಇಷ್ಟು ದಿನ ಇದನ್ನೇ ತಿಂತಿದ್ಯಾ?"

"ನಾನಲ್ಲ ಅಪ್ಪಾ. ನನ್ನ ಫ್ರೆಂಡ್ಸು." ಅವಳು ಎಲ್ಲವನ್ನೂ ಹೇಳಿದಳು. "ನೀನು ನಗ್ಲಿ ಅಂತ ತಿಂತಿದ್ರಂತೆ."

ಅಪ್ಪ ಕುರ್ಚಿ ಎಳೆದುಕೊಂಡು ಕೂತ. ಮಸಿ ಹಿಡಿದ ಬೆರಳುಗಳಿಂದ ಕಣ್ಣುಜ್ಜಿಕೊಂಡ. ಹೇಳಬಾರದಿತ್ತೇನೋ ಎಂದು ಅವಳಿಗೆ ಹೆದರಿಕೆಯಾಯಿತು.

"ಆ ಮಕ್ಕಳಿಗೆ ಏನಂದ್ರೆ ಇಷ್ಟ?" ಅಪ್ಪ ಕೇಳಿದ.

ವಟವಟ ಬಾಯಿ ತೆರೆದಳು. ಮಾತೇ ಹೊರಡಲಿಲ್ಲ. ಅವರಿಗೆ ಯಾವುದು ಸೇರುವುದಿಲ್ಲ ಎಂದು ಬೇಕಾದಷ್ಟು ಗೇಲಿ ಮಾಡಿದ್ದಳು. ಯಾವುದು ಇಷ್ಟ ಎಂದು ಒಮ್ಮೆಯಾದರೂ ಕೇಳಿದ್ದಳಾ? ಊಟದ ಹೊತ್ತೆಲ್ಲ ಬರೀ ಅವಳದೇ ಮಾತು.

"ಗೊತ್ತಿಲ್ಲ ಅಪ್ಪಾ," ಎಂದವಳಿಗೆ ಅಳುವೇ ಬಂದುಬಿಟ್ಟಿತು.

"ಅದಕ್ಯಾಕೆ ಅಳ್ತೀಯ? ನಾಳೆ ಕೇಳ್ಕೊಂಡು ಬಾ." ಅಪ್ಪ ಅವಳ ಕಣ್ಣೊರೆಸಿದ. "ನಾನೂ ನಿನ್ನ ದೊಡ್ಡಮ್ಮಂಗೆ ಫೋನ್ ಮಾಡಿ ಕೇಳ್ತೀನಿ, ಉಪ್ಪು ಎಷ್ಟು ಹಾಕ್ಬೇಕು ಅಂತ."

ಮರುದಿನ ಮೂವರೂ ಊಟಕ್ಕೆ ಕೂತಾಗ ವಟವಟ ಕೇಳಿದಳು. "ನಿನಗೆ ಏನಂದ್ರೆ ತುಂಬಾ ಇಷ್ಟ ಕಣೋ?"

ಆರಿಸಪ್ಪ ತಲೆ ಕೆರೆದುಕೊಂಡ. ಅವನ ಮಾತೆಲ್ಲ ನಿಧಾನ. "ನನಗಾ? ಅಂದ್ರೆ… ಮೊಟ್ಟೆ ಇರುತ್ತಲ್ಲ… ಅದನ್ನ ಬ್ರೆಡ್ಡಿಗೆ…" ಎಂದು ನಿಲ್ಲಿಸಿ ಯೋಚಿಸತೊಡಗಿದ.

ವಟವಟ ಸುಮ್ಮನೆ ಕಾದಳು.

ಉದ್ದಕ್ಕ ಅವಳನ್ನು ವಿಚಿತ್ರವಾಗಿ ನೋಡಿದಳು. "ಏನೇ ಇಷ್ಟು ಸೈಲೆಂಟು? ಗಂಟಲು ನೋವಾ?"

"ಶ್! ತಡಿಯೇ," ಎಂದಳು ವಟವಟ. "ಅವನಿನ್ನೂ ಹೇಳ್ತಾ ಇದ್ದಾನೆ."